ಬೇವಿಗೆ ಬಿಗಿದ ತಂತಿ

ಮದೀನಾದ ಭಾರತೀಯ ಶಾಲೆಯೊಂದರಲ್ಲಿ ಹನ್ನೊಂದು ವರ್ಷದಿಂದ ಜೀವಶಾಸ್ತ್ರ ಕಲಿಸುತ್ತಿದ್ದೇನೆ. ಬೇರು ಹೀರಿದ ನೀರು, ಖನಿಜಗಳು ಕಾಂಡದ ಒಳಗಿನ ಕ್ಸೈಲಂನಲ್ಲಿ ಮೇಲೇರುತ್ತವೆ. ಎಲೆ ತಯಾರಿಸಿದ ಆಹಾರ ತೊಗಟೆಗೆ ತಾಗಿದ ಫ್ಲೋಯಂನಲ್ಲಿ ಬೇರಿಗೆ ಇಳಿಯುತ್ತದೆ. ಇದನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಮಕ್ಕಳು ಇವೆರಡನ್ನು ಅದಲುಬದಲು ಮಾಡಿ ಬರೆದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಅಂಥ ನಾನೇ ಬಟ್ಟೆ ಒಣಗಿಸಲೆಂದು ಅಂಗಳದ ಬೇವಿನ ಮರಕ್ಕೆ ತಂತಿ ಬಿಗಿದೆ. ಇಕ್ಕಳ ಹಿಡಿದು ಮೂರು ಸುತ್ತು, ಕೈಯಾರೆ.

ಐದು ವರ್ಷ ಆ ತಂತಿಯ ಮೇಲೆ ಬಟ್ಟೆ ಒಣಗಿತು. ಕಳೆದ ವರ್ಷ ಮರ ಸೊರಗತೊಡಗಿತು. ಮೊದಲು ಎಲೆ ಹಳದಿಯಾಯಿತು, ಆಮೇಲೆ ಕೊಂಬೆಗಳ ತುದಿ ಒಣಗಿತು. ಮರಕ್ಕೆ ನೀರು ಹಾಕುವುದು ಕಟ್ಟಡದ ಕಾವಲುಗಾರ ಗುಲಾಮ್ ಮುಹಮ್ಮದ್ ಅವರ ಕೆಲಸ. ಪಾಕಿಸ್ತಾನದ ಮುಲ್ತಾನ್ ಕಡೆಯವರು, ಐವತ್ತು ದಾಟಿದ ಮನುಷ್ಯ. ಬೆಳಿಗ್ಗೆ ಬಾಡಿಗೆದಾರರ ಕಾರುಗಳನ್ನೂ ತೊಳೆಯುತ್ತಿದ್ದರು. ನಾನು ಎರಡಕ್ಕೆ ಎರಡು ಕೂಡಿಸಿ ತೀರ್ಪು ಕೊಟ್ಟೆ.

"ಮರದ ನೀರೆಲ್ಲ ಕಾರಿಗೆ ಹೋಗ್ತಾ ಉಂಟು," ಎಂದು ಗಂಡ ಸವಾದ್‌ಗೆ ಹೇಳಿದೆ.

"ಬಿಡು ಮಾರಾಯ್ತಿ, ಪಾಪದವರು. ನಾವು ಎಂತಕ್ಕೆ ಬಾಯಿ ಹಾಕುದು?"

ಬಿಡುವ ಜಾತಿಯವಳಲ್ಲ ನಾನು. ಒಣಗಿದ ಕೊಂಬೆಯ ಫೋಟೊ ತೆಗೆದು, ಕಾವಲುಗಾರ ನೀರೇ ಹಾಕುವುದಿಲ್ಲ ಎಂದು ಬರೆದು ಕಟ್ಟಡದ ಮಾಲೀಕರಿಗೆ ಕಳಿಸಿದೆ. ಗುಲಾಮ್ ಮುಹಮ್ಮದ್ ಅವರಿಗೆ ವೀಸಾ ಕೊಟ್ಟ ಕಫೀಲ್ ಕೂಡ ಆ ಮಾಲೀಕರೇ. ಹದಿನೈದು ದಿನದಲ್ಲಿ ವೀಸಾ ಮುಗಿಸಿ, ಎಕ್ಸಿಟ್ ಹೊಡೆಸಿ ಅವರನ್ನು ಊರಿಗೆ ಕಳಿಸಿಬಿಟ್ಟರು. ಹೊರಡುವ ದಿನ ಅವರು ನಮ್ಮ ಬಾಗಿಲಿಗೆ ಬಂದು, "ನೀರು ಹಾಕಿದ್ದೇನೆ ಮೇಡಂ, ದಿನಾ ಹಾಕಿದ್ದೇನೆ" ಎಂದರು. ಒಲೆಯ ಮೇಲೆ ಸಾರು ಇದೆ ಎಂದು ನಾನು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಹೊಸ ಕಾವಲುಗಾರ ರಝಾಕ್ ದಿನಕ್ಕೆರಡು ಸಲ ಪೈಪು ಹಿಡಿದರೂ ಮರ ಉಳಿಯಲಿಲ್ಲ. ಮೊನ್ನೆ ಶನಿವಾರ ಅದನ್ನು ಕಡಿಸಿದರು. ಗರಗಸ ಕಬ್ಬಿಣಕ್ಕೆ ತಾಗಿ ಕಿರ್ರೆಂದಾಗ ಹೋಗಿ ನೋಡಿದೆ. ತಂತಿ ತೊಗಟೆಯೊಳಗೆ ಹೂತುಹೋಗಿತ್ತು. ಅದರ ಮೇಲೆ ಕಾಂಡ ಊದಿಕೊಂಡಿತ್ತು, ಕೆಳಗೆ ಸೊರಗಿತ್ತು. ಇದೇ ಚಿತ್ರವನ್ನು ಮಕ್ಕಳಿಂದ ಬರೆಸಿ ಅಂಕ ಕೊಟ್ಟವಳು ನಾನು. ಎಲೆಯ ಆಹಾರ ತಂತಿಯ ತನಕ ಇಳಿದು ಅಲ್ಲೇ ನಿಂತಿತ್ತು. ಬೇರುಗಳು ವರ್ಷಗಟ್ಟಲೆ ಹಸಿದು, ಕೊನೆಗೆ ನೀರು ಹೀರುವ ಶಕ್ತಿಯನ್ನೂ ಕಳೆದುಕೊಂಡಿದ್ದವು. ಆ ಮನುಷ್ಯ ದಿನಾ ಸುರಿದ ನೀರು ಬುಡದಲ್ಲೇ ಇಂಗಿಹೋಗಿತ್ತು.

ನಾಚಿಕೆಯಿಂದ ಎರಡು ದಿನ ಅನ್ನ ಸೇರಲಿಲ್ಲ. ಮಾಲೀಕರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. "ಮರ ಖಲಾಸ್, ಮಾತೂ ಖಲಾಸ್" ಎಂದು ಇಟ್ಟುಬಿಟ್ಟರು. ರಝಾಕ್ ಹತ್ತಿರ ಗುಲಾಮ್ ಮುಹಮ್ಮದ್ ಅವರ ನಂಬರ್ ಇತ್ತು. ಅವರಿಗೂ ಫೋನ್ ಮಾಡಿದೆ. ನನ್ನ ಮುರುಕು ಹಿಂದಿಯಲ್ಲಿ, ಮರ ಸತ್ತದ್ದು ನಾನು ಕಟ್ಟಿದ ತಂತಿಯಿಂದ, ನಿಮ್ಮಿಂದಲ್ಲ ಎಂದು ಹೇಳಿದೆ.

ಬೈಯಲಿ ಎಂದು ಕಾದೆ.

"ಕಾರು ತೊಳೆದ ಸೋಪಿನ ನೀರು ಬೇರಿಗೆ ಹೋಗಿ ಮರ ಸತ್ತಿತು ಅಂದುಕೊಂಡಿದ್ದೆ ಮೇಡಂ," ಎಂದರು. "ಎಂಟು ತಿಂಗಳಿಂದ ಅದೇ ಕೊರಗು. ನೀವು ಟೀಚರ್, ಸುಮ್ಮನೆ ಹೇಳಲಾರಿರಿ, ನನ್ನದೇ ಏನೋ ತಪ್ಪಿರಬೇಕು ಅಂತ."

ಸೋಪಿನಿಂದಲೂ ಅಲ್ಲ ಎಂದೆ.

"ಒಂದು ಉಪಕಾರ ಮಾಡಿ," ಎಂದರು ಅವರು. "ಈಗ ಹೇಳಿದ್ದನ್ನು ನನ್ನ ಹೆಂಡತಿಗೂ ಹೇಳಿ. ಸೋಮಾರಿತನದಿಂದ ಕೆಲಸ ಕಳಕೊಂಡೆ ಅಂತ ಅವಳು ಇನ್ನೂ ನಂಬಿದ್ದಾಳೆ."

ಫೋನು ಕೈ ಬದಲಾಯಿತು. ಆಕೆ ಸಲಾಂ ಹೇಳಿದರು. ನಾನು ಫಸೀಲಾ, ಅದೇ ಕಟ್ಟಡದವಳು ಎಂದು ಶುರುಮಾಡಿ ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ.

"ಹಾಗಾದರೆ ಇವರನ್ನು ಯಾಕೆ ಕಳಿಸಿದರು?" ಎಂದು ಆಕೆ ಕೇಳಿದರು.

"ಮಾಲೀಕರು ನನ್ನ ಮಾತು ನಂಬಿದರು," ಎಂದೆ.

"ನಾನೂ ಅದನ್ನೇ ನಂಬಿದೆ," ಎಂದರು ಆಕೆ.