ಬಾಗಿಲ ಹಿಂದಿನ ಕರಿ ಕೋಟು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನೊಂದು ಕರಿ ಕೋಟು. ಕೋರ್ಟಿನಲ್ಲಿ ಮಾತಾಡುವುದು ನನ್ನನ್ನು ತೊಟ್ಟವರೇ ಹೊರತು ನಾನಲ್ಲ. ಕಾನೂನಿನ ವಿಷಯ ಎತ್ತಲು ನನಗೆ ಅರ್ಹತೆ ಇದೆಯೇ ಎಂಬ ಅಳುಕು ಈಗಲೂ ಇದೆ. ಕಲಿತದ್ದೆಲ್ಲ ಸಂಜೆ ಕಾಲೇಜಿನ ಕೊನೆಯ ಬೆಂಚಿನಲ್ಲಿ, ಅದೂ ಅರ್ಧಂಬರ್ಧ. ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು. ಆದರೂ ಹೇಳದೆ ಇರಲಾರೆ. ಒಬ್ಬ ಮನುಷ್ಯನ ಮೇಲಿನ ಸಿಟ್ಟು ನನ್ನ ಅಸ್ತರಿನೊಳಗೆ ಇನ್ನೂ ಬೆಚ್ಚಗಿದೆ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಖಾಜೇಸಾಬ ಎಂಬ ದರ್ಜಿಯ ಕೈಯಲ್ಲಿ. ಗಂಡಸರ ಕೋಟು ಹೊಲಿದೇ ರೂಢಿಯಾದ ಮುದುಕ. ವನಮಾಲಾ ಹೆಬಸೂರ ಎಂಬ ಹುಡುಗಿ ಅಳತೆ ಕೊಡಲು ಬಂದಾಗ ಸಂಕೋಚದಿಂದ ಟೇಪನ್ನೇ ಕೆಳಗೆ ಬೀಳಿಸಿದ. ನನ್ನ ಎಡ ಭುಜ ಒಂದು ಬೆರಳಿನಷ್ಟು ಅಗಲವಾಯಿತು.

"ಇರ್ಲಿ ಬಿಡವ್ವಾ, ದೊಡ್ಡ ವಕೀಲಳಾಗಿ ದಪ್ಪ ಆದಿ ಅಂದ್ರ ಸರಿ ಹೋಗ್ತೈತಿ," ಎಂದ.

ವನಮಾಲಾ ಹಗಲು ಟೈಪಿಂಗ್ ಶಾಲೆಯಲ್ಲಿ ಕಲಿಸಿ, ಸಂಜೆ ಕಾಲೇಜಿನಲ್ಲಿ ಕಾನೂನು ಓದುತ್ತಿದ್ದಳು. ಕೊನೆಯ ಬೆಂಚಿನಲ್ಲಿ ಅವಳ ಜೊತೆ ನಾನೂ ಇರುತ್ತಿದ್ದೆ. ಓದು ಮುಗಿದ ಮೇಲೆ ಕೆಲಕಾಲ ನಾವಿಬ್ಬರೂ ಕೋರ್ಟಿಗೆ ಹೋದೆವು. ಹಿರಿಯರ ಹಿಂದೆ ಫೈಲು ಹಿಡಿದು ನಿಂತದ್ದೇ ಹೆಚ್ಚು. ಆದರೂ ಅವಳು ನ್ಯಾಯಾಧೀಶರಿಗೆ ತಲೆಬಾಗಿಸಿದಾಗಲೆಲ್ಲ ನನ್ನ ಕಾಲರು ನೆಟ್ಟಗಾಗುತ್ತಿತ್ತು.

ಆಮೇಲೆ ಎಣ್ಣೆ ಕಂಪನಿಯ ನೌಕರಿ ಬಂತು. ಸಂಗನಬಸಪ್ಪ ಬೆಂಡಿಗೇರಿ ಅದರ ಮಾಲೀಕರು, ಎಲ್ಲರ ಬಾಯಲ್ಲಿ ಸಾವಕಾರರು. ಶೇಂಗಾ ಎಣ್ಣೆಯನ್ನು ಪ್ಯಾಕೆಟ್ಟಿಗೆ ತುಂಬಿ ಮಾರುತ್ತಿದ್ದರು. ತೆರಿಗೆಯವರು, ತೂಕದವರು, ಆಹಾರ ಇಲಾಖೆಯವರು ಎಂದು ಒಬ್ಬರಲ್ಲ ಒಬ್ಬರು ನೋಟಿಸು ಕಳಿಸುತ್ತಲೇ ಇದ್ದರು. ಅವಕ್ಕೆ ಉತ್ತರ ಬರೆಯಲು ಸಂಬಳದ ವಕೀಲರು ಬೇಕಿತ್ತು. ಹಾಗೆ ಸಂಬಳಕ್ಕೆ ಸೇರಿದವರು ಸನದನ್ನು, ಅಂದರೆ ವಕೀಲಿಕೆಯ ಪರವಾನಗಿಯನ್ನು, ಅಮಾನತಿನಲ್ಲಿಡಬೇಕು, ಕೋಟು ಹಾಕಿ ವಾದಿಸುವಂತಿಲ್ಲ. ಹೀಗಾಗಿ ನಾನು ಕಂಪನಿಯಲ್ಲಿ ಅವಳ ಕೋಣೆಯ ಬಾಗಿಲ ಹಿಂದಿನ ಮೊಳೆ ಸೇರಿದೆ. ಬಾಗಿಲು ತೆರೆದರೆ ನನಗೆ ಕತ್ತಲೆ, ಮುಚ್ಚಿದರೆ ಬೆಳಕು. ಬಾಗಿಲು ಮುಚ್ಚಿ ಆಡಿದ ಮಾತುಗಳೇ ನನಗೆ ಹೆಚ್ಚು ಗೊತ್ತು.

ಒಂದು ದಿನ ಸಾವಕಾರರೇ ಬಂದು ಬಾಗಿಲು ಮುಚ್ಚಿದರು. ಆಹಾರದ ಕಾನೂನಿನಲ್ಲಿ ಕಂಪನಿ ಒಬ್ಬರನ್ನು ನಾಮಿನಿ ಎಂದು ಹೆಸರಿಸಬಹುದು. ಮಾಲಿನಲ್ಲಿ ದೋಷ ಬಂದರೆ ಹೊಣೆ ಅವರದು. ಆ ಜಾಗಕ್ಕೆ ವನಮಾಲಾಳ ಹೆಸರು ಬೇಕಂತೆ.

"ಇದೇನ ದೊಡ್ಡದಲ್ಲರೀ ವಕೀಲರ. ಬರೇ ಹೆಸರು."

ಅವಳು ಒಂದು ದಿನ ಯೋಚಿಸಲು ಕೇಳಿದಳು. ಸಾವಕಾರರು ನಕ್ಕು, ಸಂಜೆ ಕಾಲೇಜಿನವರಿಗೆ ಧೈರ್ಯ ಸ್ವಲ್ಪ ಕಡಿಮೆಯೇ ಎಂದರು. ಆ ಮಾತು ನಾಟಿತು. ಕಲಿಕೆಯ ಬಗ್ಗೆ ಒಳಗೇ ಅನುಮಾನ ಇಟ್ಟುಕೊಂಡವರನ್ನು ಗೆಲ್ಲುವುದು ಸುಲಭ. ಸಹಿ ಹಾಕಿಬಿಟ್ಟಳು.

ಮುಂದಿನ ಬೇಸಿಗೆಯಲ್ಲಿ ಆಹಾರ ಇಲಾಖೆಯವರು ಅಂಗಡಿಯೊಂದರಿಂದ ಒಯ್ದ ಪ್ಯಾಕೆಟ್ಟಿನಲ್ಲಿ ಶೇಂಗಾಕ್ಕಿಂತ ಬೇರೆ ಅಗ್ಗದ ಎಣ್ಣೆಯೇ ಹೆಚ್ಚಿತ್ತು. ಮೇಲೆ ತಿನ್ನಬಾರದ ಬಣ್ಣ. ಕೇಸು ವನಮಾಲಾಳ ಮೇಲೆ ಬಿತ್ತು. ಕೋರ್ಟಿಗೆ ಹೋಗುವ ಬೆಳಿಗ್ಗೆ ಅಭ್ಯಾಸಬಲದಿಂದ ನನ್ನ ಒಂದು ತೋಳಿಗೆ ಕೈ ತೂರಿಸಿದಳು. ಆಮೇಲೆ ನೆನಪಾಗಿ, ಮೆಲ್ಲಗೆ ಕೈ ತೆಗೆದು ನನ್ನನ್ನು ಮತ್ತೆ ಮೊಳೆಗೆ ಹಾಕಿದಳು. ಆರೋಪಿಗೆ ಕೋಟು ಯಾತಕ್ಕೆ?

ಅಲ್ಲಿ ಸಾವಕಾರರ ವಕೀಲರು, ಮಾಲೀಕರಿಗೆ ಇದ್ಯಾವುದೂ ತಿಳಿಯದು, ಎಲ್ಲವೂ ಈ ನಾಮಿನಿಯ ಕೈಯಲ್ಲೇ ಇತ್ತು ಎಂದು ಹೇಳಿದರಂತೆ. ಶಿಕ್ಷೆಯಾದರೆ ಜೈಲು, ಸನದಿನ ಆಸೆಯನ್ನೂ ಬಿಡಬೇಕು. ರಾಜೀನಾಮೆ ಕೊಟ್ಟರೂ ಹಳೆಯ ಕೇಸು ಬೆನ್ನು ಬಿಡುವುದಿಲ್ಲ. ಸಾವಕಾರರೂ ಅವಳನ್ನು ಆ ಸ್ಥಾನದಿಂದ ತೆಗೆಯಲಿಲ್ಲ. ತಲೆ ಕೊಡಲು ಒಬ್ಬಳು ಇದ್ದಾಳಲ್ಲ!

ವನಮಾಲಾ ಅಳಲಿಲ್ಲ. ಬಾಗಿಲು ಮುಚ್ಚಿ, ಆಹಾರದ ಕಾನೂನಿನಲ್ಲಿ ನಾಮಿನಿಯ ಬಗೆಗಿನ ಕಲಮನ್ನು ಮತ್ತೆ ಮತ್ತೆ ಓದಿದಳು. ತಾನು ಅರ್ಥ ಮಾಡಿಕೊಂಡದ್ದು ಸರಿಯೇ ಎಂದು ತನ್ನ ಹಳೆಯ ಮೇಷ್ಟ್ರಿಗೆ ಫೋನು ಮಾಡಿ ಕೇಳಿದಳು. ಹೊಣೆ ಹೊತ್ತ ನಾಮಿನಿಗೆ, ತಪ್ಪು ನಡೆಯದಂತೆ ತಡೆಯುವ ಎಲ್ಲ ಅಧಿಕಾರವನ್ನೂ ಅದೇ ಕಲಮು ಕೊಟ್ಟಿತ್ತು. ಸಾವಕಾರರು ಅಷ್ಟು ದೂರ ಓದಿರಲಿಲ್ಲ. ಫೋನಿಟ್ಟಾಗ ಅವಳ ತುಟಿಯಂಚಿನಲ್ಲಿ ಬಂದ ನಗು ಒಳ್ಳೆಯ ನಗುವಲ್ಲ. ನನಗದು ಬಹಳ ಹಿಡಿಸಿತು.

ಕೂಡಲೇ ಏನೂ ಮಾಡಲಿಲ್ಲ. ಕಾದಳು. ದೀಪಾವಳಿ ಹತ್ತಿರ ಬಂದು, ಅಂಗಳದಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವವರೆಗೆ ಕಾದಳು. ಆ ಬೆಳಿಗ್ಗೆ ನನ್ನನ್ನು ಮೊಳೆಯಿಂದ ತೆಗೆದು ತೋಳಿನ ಮೇಲೆ ಹಾಕಿಕೊಂಡು ಪ್ಯಾಕಿಂಗ್ ಶೆಡ್ಡಿಗೆ ನಡೆದಳು. ಯಂತ್ರ ನಿಲ್ಲಿಸಿ ಎಂದು ಮೇಲ್ವಿಚಾರಕ ದ್ಯಾಮಣ್ಣನಿಗೆ ಹೇಳಿದಳು. ಮಾರಿದ ಮಾಲನ್ನೆಲ್ಲ ವಾಪಸು ಕಳಿಸಲು ಅಂಗಡಿಗಳಿಗೆ ಆಗಲೇ ತಿಳಿಸಿದ್ದಳು. ಕಾನೂನಿನ ಪ್ರಕಾರ ಆಹಾರ ಇಲಾಖೆಗೂ ಸುದ್ದಿ ಕೊಟ್ಟಿದ್ದಳು. ಅಧಿಕಾರಿ ಬಂದು ಲಾರಿಗಳ ಪಕ್ಕ ನಿಂತಿದ್ದರು.

ಸಾವಕಾರರು ಓಡಿ ಬಂದರು. ಚಪ್ಪಲಿ ಸಹ ಸರಿಯಾಗಿ ಮೆಟ್ಟಿರಲಿಲ್ಲ. ಯಾರನ್ನು ಕೇಳಿ ನಿಲ್ಲಿಸಿದಿರಿ ಎಂದು ಕೂಗಿದರು.

"ಎಲ್ಲಾ ನನ್ನ ಕೈಯಾಗ ಐತಿ ಅಂತ ಕೋರ್ಟಿನ್ಯಾಗ ನೀವ ಹೇಳಿಸೀರಲ್ರೀ ಸಾವ್ಕಾರ್ರ," ಎಂದಳು ವನಮಾಲಾ. "ಹಂಗಾರ ನಿಲ್ಲಸೂದೂ ನನ್ನ ಕೈಯಾಗ ಐತಿ."

"ನಿಂದೇನ ಐತಿ ಇಲ್ಲೆ? ಮೊಳಿಗೆ ಕೋಟು ತೂಗುಹಾಕಿ ಕುಂತಾಕಿ ನೀ. ದ್ಯಾಮಣ್ಣ, ಚಾಲೂ ಮಾಡು. ಎಣ್ಣ್ಯಾಗ ಏನು ಕೂಡಸಬೇಕು, ಎಷ್ಟು ಕೂಡಸಬೇಕು, ಇಲ್ಲೆ ನಾ ಹೇಳಿದ್ದ ನಡೀತೈತಿ."

ಅಧಿಕಾರಿ ಬಹಳ ಸೌಮ್ಯವಾಗಿ, ಮೊದಲಿನಿಂದಲೂ ಹಾಗೆಯೇ ನಡೆದಿದೆಯೇ ಎಂದು ಕೇಳಿದರು.

"ಮತ್ತ? ನಮ್ಮಪ್ಪನ ಕಾಲದಿಂದ," ಎಂದರು ಸಾವಕಾರರು. ದ್ಯಾಮಣ್ಣ ಯಂತ್ರವನ್ನು ಚಾಲೂ ಮಾಡಿಯೇಬಿಟ್ಟ. ಹೊರಬಿದ್ದ ಪ್ಯಾಕೆಟ್ಟುಗಳನ್ನು ಅಧಿಕಾರಿ ಅಲ್ಲೇ ಸೀಲು ಮಾಡಿಕೊಂಡರು.

ಅಧಿಕಾರಿಯ ಎದುರು ಆಡಿದ ಆ ಮಾತೇ ಸಾಕ್ಷಿಯಾಗಿ, ಮುಂದೆ ಸಾವಕಾರರೂ ಆರೋಪಿಗಳ ಸಾಲಿನಲ್ಲಿ ವನಮಾಲಾಳ ಪಕ್ಕ ನಿಲ್ಲಬೇಕಾಯಿತು. ಬಹಳ ಕಾಲದ ಮೇಲೆ ಕೋರ್ಟು ಅವಳನ್ನು ಬಿಟ್ಟಿತು, ಅವರನ್ನು ಬಿಡಲಿಲ್ಲ. ಅವರ ಕಂಪನಿಗೆ ಬೀಗ ಬಿತ್ತು. ನನಗೆ ಕನಿಕರ ಬರಲಿಲ್ಲ. ಬರಬೇಕಿತ್ತೇನೋ, ಬರಲಿಲ್ಲ.

ವನಮಾಲಾ ಸನದು ವಾಪಸು ಪಡೆದು ಹೊಸ ಕೋಟು ಹೊಲಿಸಿಕೊಂಡಳು. ನನ್ನನ್ನು ವಕೀಲರ ಸಂಘದ ಕೋಣೆಗೆ ಕೊಟ್ಟಳು. ಕೋಟು ಮರೆತು ಬಂದವರು ನನ್ನನ್ನು ತೊಟ್ಟು ಹೋಗಿ, ಬೆವರಿನ ಸಮೇತ ತಂದಿಡುತ್ತಾರೆ. ಮಿಕ್ಕ ಹೊತ್ತು ಕಿಟಕಿಯ ಮೂಲೆಯಲ್ಲಿರುತ್ತೇನೆ. ಗೆದ್ದೆವು ಎಂದು ನೆನೆದು ಖುಷಿಪಡುತ್ತೇನೆ.

ಆದರೆ ಒಂದು ಲೆಕ್ಕ ಹೊಂದುವುದಿಲ್ಲ. ಮೇಷ್ಟ್ರಿಗೆ ಫೋನು ಮಾಡಿದ ದಿನವೇ ಅವಳು ಯಂತ್ರ ನಿಲ್ಲಿಸಬಹುದಿತ್ತು. ಸಾವಕಾರರಿಗೆ ಪೆಟ್ಟು ಜೋರಾಗಿ ಬೀಳಲಿ ಎಂದು ಹಬ್ಬದವರೆಗೆ ಕಾದಳು. ಕಾಯಲಿ ಎಂದು ನಾನೂ ಬಯಸಿದೆ. ಆ ನಡುವೆ ಲಾರಿಗಳು ಹೋಗುತ್ತಲೇ ಇದ್ದವು. ಆ ಎಣ್ಣೆ ಯಾರ ಯಾರ ಬಾಣಲೆಗೆ ಬಿತ್ತು, ಅದನ್ನು ಉಂಡವರಿಗೆ ಏನಾಯಿತು, ನನಗೆ ಗೊತ್ತಿಲ್ಲ. ವನಮಾಲಾಳಿಗೂ ಗೊತ್ತಿಲ್ಲ.