ಕೊನೆಯ ಜಾಯಿಂಟು

ಹಸಿರು ಕಟ್ಟಡದ ಸರ್ಟಿಫಿಕೇಟಿಗಾಗಿ ತಪಾಸಣೆಗೆ ಬಂದಿದ್ದಾಕೆ ನೆಲಮಾಳಿಗೆಯ ತೊಟ್ಟಿಗೆ ಇಣುಕಿ, "ಮಳೆನೀರು ಭರ್ತಿಯಾಗಿದೆ, ಪಾಯಿಂಟ್ ಪೂರ್ತಿ ಕೊಡ್ತೀನಿ" ಎಂದು ಹೊರಟಾಗ ಪ್ಲಂಬರನ ಎದೆಯುಬ್ಬಿತು. ಚಾವಣಿಯಿಂದ ಇಲ್ಲಿಯವರೆಗೆ ಒಂದೊಂದು ಪೈಪನ್ನೂ ಕೂರಿಸಿದವನು ಅವನು. ತೊಟ್ಟಿಗೆ ಸೇರುವ ಕೊನೆಯ ಜಾಯಿಂಟನ್ನು ಮಾತ್ರ ಅಕ್ಕನ ಗಂಡ, "ಅದು ನನಗೆ ಬಿಡೋ" ಎಂದು ತಾವೇ ಹಾಕಿದ್ದರು. ಅವನಿಗೆ ಕೆಲಸ ಕಲಿಸಿದವರೂ ಆ ಭಾವನೇ.

ಖುಷಿಗೆ ಒಂದು ಬೊಗಸೆ ನೀರು ಮೊಗೆದು ಬಾಯಿಗೆ ತಂದ. ನಲ್ಲಿನೀರಿನ ಕ್ಲೋರಿನ್ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಹೊರಗೆ ಮಳೆ ಧೋ ಎಂದು ಸುರಿಯುತ್ತಿದ್ದರೂ ಪೈಪಿನ ಬಾಯಿ ಒಣಗಿತ್ತು. ಕೈ ತೂರಿಸಿದ. ಬೆರಳಿಗೆ ಗೋಡೆ ತಾಗಿತು. ಅದು ಗೋಡೆಗೆ ಬರೀ ಅಂಟಿಸಿದ ಪೈಪಿನ ತುಂಡು! ಗೋಡೆಯಾಚೆ ಮಳೆಯೆಲ್ಲ ಚರಂಡಿಯ ಪಾಲಾಗುತ್ತಿತ್ತು.

"ಏನ್ ಭಾವ ಇದು?" ಎಂದು ಪಕ್ಕದಲ್ಲೇ ಸಾಮಾನು ಕಟ್ಟುತ್ತಿದ್ದವರನ್ನು ಕೇಳಿದ.

"ಗೋಡೆ ಕೊರೆಯೋಕೆ ಟೈಮ್ ಎಲ್ಲಿತ್ತೋ? ರಾತ್ರಿ ನಲ್ಲಿನೀರು ಬಿಟ್ಟು ತುಂಬಿಸಿದೆ. ಪಾಯಿಂಟ್ ಬಂತಲ್ಲ, ಬಾಯ್ಮುಚ್ಕೊಂಡಿರು. ಎಲ್ಲಾ ಜಾಯಿಂಟನ್ನೂ ಕೈಯಿಟ್ಟು ನೋಡಿದೀನಿ ಅಂತ ಸಹಿ ಹಾಕಿರೋನು ನೀನು, ನಾನಲ್ಲ."

ಕೈಯಿಟ್ಟು ನೋಡದೆ ಯಾವ ಜಾಯಿಂಟನ್ನೂ ನಂಬಬೇಡ ಎಂದು ಮೊದಲ ದಿನವೇ ಹೇಳಿಕೊಟ್ಟವನೂ ಇದೇ ಮಹಾರಾಯ. ಭಾವ ಹಾಕಿದ್ದಲ್ಲವೇ ಎಂದು, ಅದೊಂದನ್ನು ಮಾತ್ರ ಅವನು ನೋಡಿರಲಿಲ್ಲ.