ಕೊಂಚ ನೀರು ನಿಲ್ಲುವ ನೆಲ

ಚಿದಂಬರನಿಗೆ ಮಿಷಿಗನ್ನಿನ ಮಣ್ಣಿನ ಮೇಲೆ ಮೊದಲಿನಿಂದಲೂ ಅಂಥ ಗೌರವವೇನೂ ಇರಲಿಲ್ಲ. ನವಲಗುಂದದ ಎರೆಮಣ್ಣು ತುಳಿದು ಬೆಳೆದವನು, ಧಾರವಾಡದಲ್ಲಿ ಮಣ್ಣನ್ನೇ ಓದಿ ಎಂ.ಎಸ್ಸಿ. ಮಾಡಿದವನು. ಎರೆನೆಲಕ್ಕೆ ಒಂದು ಖದರಿತ್ತು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತಿತ್ತು, ಮಳೆ ಬಿದ್ದರೆ ಚಕ್ಕಡಿಯ ಗಾಲಿಯನ್ನೇ ಕಚ್ಚಿ ಹಿಡಿಯುತ್ತಿತ್ತು, ಮುಚ್ಚುಮರೆ ಇರಲಿಲ್ಲ. ಇಲ್ಲಿಯದೋ, ಸಾವಿರಾರು ವರ್ಷದ ಹಿಂದೆ ಹಿಮದ ಗಡ್ಡೆ ಉತ್ತರದಿಂದ ಕೆರೆದು ತಂದು, ಕರಗಿ ಹೋಗುವಾಗ ಬಿಸಾಕಿದ ಕಸ. ಜೇಡಿ, ಮರಳು, ಗುಂಡುಕಲ್ಲು ಎಲ್ಲ ಒಂದರಲ್ಲೊಂದು ಕಲಸಿದ್ದು. ಮಣ್ಣಿನ ನಕ್ಷೆಯವರು ಅದಕ್ಕೆ ಬರೆದ ಗುಣ ಓದಿದಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು: ‘ನೀರು ಬಸಿಯುವುದು ಕೊಂಚ ಕಡಿಮೆ.’ ಕೊಂಚವಂತೆ! ಜೌಗಾದರೆ ಜೌಗು ಅನ್ನಬೇಕು, ಹೊಲವಾದರೆ ಹೊಲ ಅನ್ನಬೇಕು. ಆಗಸ್ಟಿನಲ್ಲಿ ಒಣಗಿಕೊಂಡು ಸಭ್ಯಸ್ಥನ ಹಾಗೆ ಬಿದ್ದಿರುವುದು, ಏಪ್ರಿಲ್ ಬಂತೆಂದರೆ ಒಂದಡಿ ಕೆಳಗೇ ನೀರು ತುಂಬಿಕೊಂಡು ಕೂರುವುದು. ಇದು ಮಣ್ಣಿನ ನಡತೆಯಲ್ಲ, ಕೆಲವು ಮನುಷ್ಯರ ನಡತೆ ಎಂದು ಅವನ ಅಭಿಪ್ರಾಯ.

ಅಂಥ ಮನುಷ್ಯರಲ್ಲಿ ಮೊದಲಿಗ ರಾಚೆಸ್ಟರ್ ಹಿಲ್ಸಿನ ಜಯಸಿಂಹ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಮ್ಯಾನೇಜರು. 2009ರ ಆರ್ಥಿಕ ಕುಸಿತದಲ್ಲಿ ಅವನ ವಿಭಾಗದ ಅರ್ಧ ಜನ ಕೆಲಸ ಕಳೆದುಕೊಂಡು ಡಬ್ಬಿ ಹೊತ್ತುಕೊಂಡು ಮನೆಗೆ ಹೋದರೂ ಅವನ ಕುರ್ಚಿ ಉಳಿಯಿತು. ಉಳಿದದ್ದು ಅದೃಷ್ಟದಿಂದ ಎಂದು ಯಾರಾದರೂ ಅಂದುಕೊಂಡಾರು ಎಂಬ ಭಯಕ್ಕೋ ಏನೋ, ಕಂಡವರಿಗೆಲ್ಲ ಬುದ್ಧಿ ಹೇಳುವ ಚಟ ಅಂಟಿಸಿಕೊಂಡ. ಯಾವ ಶೇರು ಕೊಳ್ಳಬೇಕು, ಹೈವೇಯಲ್ಲಿ ಯಾವ ಎಕ್ಸಿಟ್ ತೆಗೆದುಕೊಳ್ಳಬೇಕು, ಬಿಸಿಬೇಳೆ ಬಾತಿಗೆ ಎಷ್ಟು ಹುಣಸೆಹಣ್ಣು ಹಾಕಬೇಕು, ಎಲ್ಲ ಅವನಿಗೆ ಗೊತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಇವನಿಗೆ ಐಶ್ವರ್ಯ ಬರುವುದೂ ಬೇಕಾಗಿರಲಿಲ್ಲ, ಇದ್ದ ಕೆಲಸ ಹೋಗದಿದ್ದರೆ ಸಾಕಾಯಿತು.

ಚಿದಂಬರನ ಕೆಲಸ ಹೋಗಿ ಹತ್ತು ತಿಂಗಳಾಗಿತ್ತು. ಮನೆ ಕಟ್ಟುವ ಮುಂಚೆ ನೆಲ ಕೊರೆದು, ಇಲ್ಲಿ ಏನು ನಿಂತೀತು, ಏನು ಕುಸಿದೀತು ಎಂದು ಬರೆದುಕೊಡುವ ಸಣ್ಣ ಕಂಪನಿಯಲ್ಲಿ ಅವನಿದ್ದ. ಮನೆ ಕಟ್ಟುವವರೇ ಇಲ್ಲವಾದ ಮೇಲೆ ನೆಲ ನೋಡುವವನು ಯಾರಿಗೆ ಬೇಕು? ಹೆಂಡತಿ ನೀಲಾಂಬಿಕಾ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿಯುತ್ತಿದ್ದಳು, ಒಲೆ ಉರಿಯುತ್ತಿತ್ತು. ಅವನು ಮನೆಯಲ್ಲಿ ಕುಳಿತು ಲೋಕವನ್ನು ಹೀಯಾಳಿಸುತ್ತಿದ್ದ.

ಆಗಸ್ಟಿನ ಒಂದು ಶುಕ್ರವಾರ ಜಯಸಿಂಹನ ಫೋನು ಬಂತು. "ಏನ್ ಚಿದಂಬರ ಅವ್ರೇ, ನಮ್ಮ ಸರಳಾಗೆ ಒಂದು ಲಾಟ್ ನೋಡಿದೀನಿ. ನಾಳೆ ಭೂಮಿ ಪರೀಕ್ಷೆ. ನಿಮ್ಹತ್ರ ಸಲಿಕೆ ಇದ್ಯಲ್ಲ, ತಂದ್ಬಿಡಿ. ಹೇಗೂ ಫ್ರೀ ಇದೀರಲ್ಲ."

ಸಲಿಕೆ ಬೇಕಂತೆ, ಸಲಿಕೆ ಹಿಡಿಯುವ ಕೈ ಬೇಕಂತೆ, ತಲೆ ಮಾತ್ರ ಬೇಡವಂತೆ. ಬರುವುದಿಲ್ಲ ಎನ್ನಬೇಕೆಂದುಕೊಂಡವನು ಸರಳಾಳ ಹೆಸರು ಕೇಳಿ ಹೂಂ ಅಂದ. ಜಯಸಿಂಹನ ತಂಗಿ ಸರಳಾ ಒಬ್ಬಳೇ ಅವನು ಹೀಯಾಳಿಸುವವರ ಪಟ್ಟಿಯ ಹೊರಗಿದ್ದವಳು. ಶಿಕಾಗೋ ಹತ್ತಿರದ ವೆಸ್ಟ್‌ಮಂಟಿನಲ್ಲಿದ್ದಳು. ಡೈವೋರ್ಸ್ ಆದ ಮೇಲೆ ಅಲ್ಲಿನ ತನ್ನ ಕಾಂಡೋ ಫ್ಲಾಟು ಮಾರಿ, ಹನ್ನೊಂದರ ಮಗಳು ಮಾನ್ಯಾಳನ್ನು ಕರೆದುಕೊಂಡು ಅಣ್ಣನ ಬೇಸ್‌ಮೆಂಟಿಗೆ ಬಂದು ಏಳು ತಿಂಗಳು. ಅಲ್ಲಿ ಟೀ ಮಾಡಿಕೊಳ್ಳುವುದಕ್ಕೂ ಮೇಲಿನವರು ಎದ್ದಿದ್ದಾರೋ ಇಲ್ಲವೋ ಎಂದು ಕಿವಿಗೊಟ್ಟು ಕೂರಬೇಕು. ಮೂರು ಕೋಣೆಯದಾದರೂ ತನ್ನದೊಂದು ಮನೆಯಾದರೆ ಸಾಕು ಎಂದು ನೀಲಾಂಬಿಕಾಳ ಮುಂದೆ ಅತ್ತಿದ್ದಳು. ಕಾಂಡೋ ಮಾರಿ ಬಂದದ್ದಷ್ಟೇ ಅವಳ ಆಸ್ತಿ.

ಲಾಟ್ ಎಂಬ ಆ ಖಾಲಿ ನಿವೇಶನ ಇದ್ದದ್ದು ಹನ್ನೆರಡು ಮೈಲಿ ಉತ್ತರಕ್ಕೆ, ಬಿಲ್ಡರು ಕೈಯೆತ್ತಿ ಓಡಿಹೋದ ಬಡಾವಣೆಯಲ್ಲಿ. ರಸ್ತೆಗಳಿದ್ದವು, ಮನೆ ಎರಡೇ. ಒಳಚರಂಡಿ ಅಲ್ಲಿಯವರೆಗೆ ಬಂದಿರಲಿಲ್ಲ. ಪ್ರತಿ ಮನೆಯೂ ತನ್ನ ಸೆಪ್ಟಿಕ್ ಟ್ಯಾಂಕಿನ ನೀರನ್ನು ತನ್ನ ನೆಲಕ್ಕೇ ಕುಡಿಸಬೇಕು. ಕುಡಿಯದ ನೆಲದಲ್ಲಿ ಮನೆ ಕಟ್ಟಲು ಕೌಂಟಿಯ ಆರೋಗ್ಯ ಇಲಾಖೆ ಅನುಮತಿ ಕೊಡುವುದಿಲ್ಲ. ಆ ಕಡೆ ಮಣ್ಣು ನೋಡಿದವರಿಗೆಲ್ಲ ಇದು ಬಾಲಪಾಠ.

ಮರುದಿನ ಅವನು ಹೋಗುವಷ್ಟರಲ್ಲಿ ಜಯಸಿಂಹ, ಸರಳಾ ಬಂದಿದ್ದರು. ಪರೀಕ್ಷೆ ನಡೆಸಿಕೊಡಲು ಬಂದಿದ್ದವರು ಕೃಷ್ಣಮೂರ್ತಿ ಅಂಕಲ್. ಮೈಸೂರಿನಲ್ಲಿ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾಗಿ, ಮಗನ ಮನೆಗೆ ಬಂದ ಮೇಲೆ ವಾಸ್ತುಪಂಡಿತರಾದವರು. ಒಂದು ಮೊಳ ಆಳದ ಗುಂಡಿ ತೋಡಬೇಕು, ಅಂಚಿನವರೆಗೆ ನೀರು ತುಂಬಬೇಕು, ಪೂರ್ವಕ್ಕೆ ನೂರು ಹೆಜ್ಜೆ ನಡೆದು ಹಿಂತಿರುಗಬೇಕು. ನೀರು ಹಾಗೇ ಇದ್ದರೆ ಭೂಮಿ ಉತ್ತಮ, ಇಂಗಿದ್ದರೆ ಅಧಮ.

ಚಿದಂಬರ ತೋಡತೊಡಗಿದ. ಮೇಲಿನ ಕಪ್ಪು ಮಣ್ಣು ಎಂಟು ಇಂಚಿಗೆ ಮುಗಿಯಿತು. ಹತ್ತನೆಯ ಇಂಚಿಗೆ ಸಲಿಕೆಯ ತುದಿಯಲ್ಲಿ ಜೇಡಿಯ ಹೆಂಟೆ ಬಂತು: ಬೂದಿಬಣ್ಣ, ಅದರ ಮೈತುಂಬ ತುಕ್ಕಿನ ಚುಕ್ಕೆ. ನೀರು ತಿಂಗಳುಗಟ್ಟಲೆ ನಿಂತಲ್ಲಿ ಮಣ್ಣಿನ ಕಬ್ಬಿಣ ಕರಗಿ ಹೋಗಿ ಬೂದಿಯಾಗುತ್ತದೆ, ಗಾಳಿ ಹೊಕ್ಕಲ್ಲಿ ತುಕ್ಕಾಗಿ ಕೂರುತ್ತದೆ. ನೆಲ ಎಷ್ಟೇ ಒಣಗಿದ್ದರೂ ಆ ಬಣ್ಣ ಅಳಿಸುವುದಿಲ್ಲ. ಈ ನೆಲ ಟ್ಯಾಂಕಿನ ನೀರು ಕುಡಿಯುವುದಿಲ್ಲ ಎಂದು ತಿಳಿಯಲು ಅವನಿಗೆ ಅರ್ಧ ನಿಮಿಷ ಹಿಡಿಯಲಿಲ್ಲ.

ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಜಯಸಿಂಹ, "ಏನ್ ಸಾರ್, ಹೆಂಟೆ ಹಿಡ್ಕೊಂಡು ರಿಸರ್ಚ್ ಮಾಡ್ತಿದೀರಾ? ಮಣ್ಣು ನೋಡೋರು ಬೇಡ ಅಂತ ಕಂಪನಿಯವರೇ ಮನೆಗೆ ಕಳ್ಸಿದಾರೆ, ನಮಗ್ಯಾಕೆ ಬಿಡಿ. ಬೇಗ ತೋಡಿ," ಎಂದು ನಕ್ಕ. ಕೃಷ್ಣಮೂರ್ತಿಯವರೂ ನಕ್ಕರು.

ಚಿದಂಬರ ಬಾಯಿ ಮುಚ್ಚಿದ. ಹೆಂಟೆಯನ್ನು ಪಕ್ಕಕ್ಕೆಸೆದು ಒಂದು ಮೊಳ ಪೂರ್ತಿ ಮಾಡಿದ. ಕ್ಯಾನಿನ ನೀರು ಸುರಿದರು. ಎಲ್ಲರೂ ಪೂರ್ವಕ್ಕೆ ನಡೆದು ಬಂದರು. ನೀರು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಆ ಜೇಡಿಯಲ್ಲಿ ನೂರು ಹೆಜ್ಜೆಯಲ್ಲ, ಶಿಕಾಗೋಗೆ ಡ್ರೈವ್ ಮಾಡಿ ಬಂದಿದ್ದರೂ ಬಹುಮಟ್ಟಿಗೆ ಇರುತ್ತಿತ್ತು. "ಅತ್ಯುತ್ತಮ," ಎಂದರು ಕೃಷ್ಣಮೂರ್ತಿ. "ಇಂಥ ಭೂಮಿ ನಾನು ನೋಡೇ ಇಲ್ಲ. ಸಂಪತ್ತು ನಿಲ್ಲುತ್ತೆ ಅಂತ ಅರ್ಥ." ನಿಲ್ಲುವುದೇನೆಂದು ಚಿದಂಬರನಿಗೆ ಗೊತ್ತಿತ್ತು. ಒಳಗೊಳಗೇ ನಕ್ಕ. ಈ ಮೂರ್ಖಶಿಖಾಮಣಿಗಳಿಗೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ಹೊರಡುವಾಗ ಸರಳಾ ಅವನ ಕಾರಿನ ಹತ್ತಿರ ಬಂದಳು. "ಚಿದಂಬರ ಅವ್ರೇ, ನಿಮಗೆ ಹೇಗನ್ಸತ್ತೆ? ಜಾಗ ಚೆನ್ನಾಗಿದ್ಯಾ?"

"ನಿಮ್ಮ ಅಣ್ಣಾರನ್ನ ಕೇಳ್ರಿ," ಎಂದ ಚಿದಂಬರ. "ಅವರಿಗೆ ಎಲ್ಲಾ ಗೊತ್ತೈತಿ."

ಅವಳು ಅದನ್ನು ಮೆಚ್ಚುಗೆಯೆಂದೇ ತಿಳಿದು ನಕ್ಕು ಥ್ಯಾಂಕ್ಸ್ ಹೇಳಿದಳು.

ಅವನ ಲೆಕ್ಕ ಹೀಗಿತ್ತು. ಖಾಲಿ ನೆಲ ಕೊಳ್ಳುವವರು ಯಾರೇ ಆಗಲಿ, ಮಣ್ಣು ಪಾಸಾದರೆ ಮಾತ್ರ ಕೊಳ್ಳುತ್ತೇವೆ ಎಂಬ ಷರತ್ತು ಬರೆಸಿಯೇ ಬರೆಸುತ್ತಾರೆ. ಇಲಾಖೆಯವನು ಬಂದು ಅಗೆದು ಆಗುವುದಿಲ್ಲ ಅನ್ನುತ್ತಾನೆ, ವ್ಯಾಪಾರ ಮುರಿಯುತ್ತದೆ. ಸರಳಾಳಿಗೆ ನಷ್ಟವಿಲ್ಲ, ಜಯಸಿಂಹನಿಗೆ ಮುಖಭಂಗ. ಗುರುವಾರದವರೆಗೆ ಆ ಮುಖಭಂಗವನ್ನು ನೆನೆನೆನೆದು ಚಪ್ಪರಿಸಿದ.

ಗುರುವಾರ ಊಟಕ್ಕೆ ಕೂತಾಗ ನೀಲಾಂಬಿಕಾ ಹೇಳಿದಳು. "ಸರಳಾ ಫೋನ್ ಮಾಡಿದ್ಲು. ಸೋಮವಾರ ಕ್ಲೋಸಿಂಗ್, ಸಹಿ ಹಾಕೂದೈತಿ ಅಂತ. ಷರತ್ತು ಏನೂ ಬ್ಯಾಡ, ರೊಕ್ಕ ಒಮ್ಮಿಗೇ ಕೊಡ್ತೀವಿ ಅಂದಿದ್ದಕ್ಕ ಭಾಳ ಅಗ್ಗಕ್ಕ ಬಂತಂತ. ಅವರಣ್ಣನ ಐಡಿಯಾ. ಅಲ್ರೀ, ಜಾಗ ಛಲೋ ಐತಲ್ಲ? ನೀವ ನೋಡೀರಲ್ಲ."

ಚಿದಂಬರನ ಕೈಯ ರೊಟ್ಟಿ ನಿಂತಿತು. ಅಗ್ಗವೆಂದು ಮುಗ್ಗಿದ ಜೋಳ ಕೊಂಡ ಹಾಗಾಯಿತು, ಕೊಂಡವಳು ಮಾತ್ರ ಜಯಸಿಂಹನಲ್ಲ. "ಅವರಿಗೆ ಬೇಕಾದಂಗ ಐತಿ," ಎಂದು ಊಟ ಮುಂದುವರಿಸಿದ.

ಮೂರು ದಿನವಿತ್ತು. ಶುಕ್ರವಾರ ಫೋನು ಕೈಗೆತ್ತಿಕೊಂಡ. ಹೇಳಿದರೆ ಸರಳಾ ಅಣ್ಣನಿಗೆ ಹೇಳುತ್ತಾಳೆ, ಅವನು ‘ಕೆಲಸ ಕಳ್ಕೊಂಡೋನ ಹೊಟ್ಟೆಕಿಚ್ಚು’ ಅನ್ನುತ್ತಾನೆ. ಬೇಕಾದರೆ ಜಯಸಿಂಹನೇ ಕೇಳಲಿ, ಒಂದು ಸಲ, ಮರ್ಯಾದೆಯಿಂದ. ಕೇಳಿದರೆ ಎಲ್ಲವನ್ನೂ ಹೇಳುತ್ತೇನೆ. ಶನಿವಾರ ಕಾದ, ಭಾನುವಾರ ಕಾದ. ಎಲ್ಲ ಗೊತ್ತಿರುವವನು ಯಾರನ್ನಾದರೂ ಕೇಳುವುದುಂಟೇ? ಸೋಮವಾರ ಸರಳಾ ಸಹಿ ಹಾಕಿದಳು. ಸಂಜೆ ನೀಲಾಂಬಿಕಾಳಿಗೆ ಪೇಡೆ ಕಳಿಸಿದಳು. ಚಿದಂಬರ ಒಂದು ತಿಂದ.

ಅಕ್ಟೋಬರಿನಲ್ಲಿ ಸರಳಾ ಮಗಳ ಜೊತೆ ಅವರ ಮನೆಗೆ ಬಂದಳು. ಕಣ್ಣು ಊದಿಕೊಂಡಿದ್ದವು. ಇಲಾಖೆಯ ಕಾಗದವನ್ನು ಚಿದಂಬರನ ಕೈಗೆ ಕೊಟ್ಟಳು. "ಸೆಪ್ಟಿಕ್‌ಗೆ ಪರ್ಮಿಷನ್ ಇಲ್ಲ ಅಂತಿದಾರೆ. ಅದಿಲ್ದೆ ಮನೆ ಕಟ್ಟೋ ಹಾಗಿಲ್ಲ. ಅಣ್ಣ ಅಪೀಲ್ ಮಾಡೋಣ ಅಂತಾನೆ. ನಿಮ್ಮನ್ನ ಕೇಳೋಣ ಅಂತ ಬಂದೆ. ಏನಾದ್ರೂ ದಾರಿ ಇದ್ಯಾ?"

ಅವನ ಕೆಲಸ ಹೋಗಿ ಹತ್ತು ತಿಂಗಳಲ್ಲ, ಈಗ ಒಂದು ವರ್ಷ. ಒಂದು ವರ್ಷದಲ್ಲಿ ಯಾರೂ ಅವನನ್ನು ಇಂಥದೊಂದು ಕೇಳಿರಲಿಲ್ಲ. ಕನ್ನಡಕ ಏರಿಸಿದ. ಓದಿದ. ಮೂಗು ಮುರಿದ. "ಮರಳು ದಿಬ್ಬ ಹಾಕಿ ಅದರಾಗ ನೀರು ಇಂಗಸೋ ಉಪಾಯ ಐತಿ. ಆದರ ಕುಡಿಯೋ ನೀರಿಗೆ ಕೊರಸೋ ಬಾವಿಯಿಂದ ಬಿಡಬೇಕಾದಷ್ಟು ದೂರ ಆ ಜಾಗದಾಗ ಸಿಗೂದಿಲ್ಲ. ದಾರಿ ಇಲ್ಲ. ಮತ್ತ ಈ ಇಲಾಖಿ ಮನಷ್ಯಾನೂ ಅರಿಯದವ. ಬೂದಿ ಬಣ್ಣ ಹನ್ನೆರಡು ಇಂಚಿಗೆ ಅಂತ ಬರದಾನ. ಹನ್ನೆರಡಲ್ಲ, ಹತ್ತ. ಅವತ್ತ ನಾ ಅಗದಾಗ ಹತ್ತ ಇಂಚಿಗೇ ಸಿಕ್ಕಿತ್ತು."

ಮಾತು ಬಾಯಿಂದ ಹೊರಬಿದ್ದ ಮೇಲೆ ಏನು ಹೇಳಿದೆನೆಂದು ಅವನಿಗೆ ತಿಳಿಯಿತು. ಅಡುಗೆಮನೆಯ ಬಾಗಿಲಲ್ಲಿ ನೀಲಾಂಬಿಕಾ ಚಹಾದ ಟ್ರೇ ಹಿಡಿದು ನಿಂತಿದ್ದಳು.

"ಸೋ ವಿ ಆರ್ ನಾಟ್ ಮೂವಿಂಗ್?" ಎಂದು ಮಾನ್ಯಾ ಕೇಳಿದಳು.

"ಅವತ್ತೇ ಗೊತ್ತಿತ್ತಾ ನಿಮಗೆ?" ಎಂದಳು ಸರಳಾ.

ಚಿದಂಬರನಿಗೆ ನಾಚಿಕೆಯಾಯಿತು. ಎಷ್ಟೋ ವರ್ಷದ ಮೇಲೆ ಆದ ನಾಚಿಕೆ. ಅದನ್ನು ಏನು ಮಾಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ. "ನಿಮ್ಮ ಅಣ್ಣಾರು ಒಂದು ಮಾತು ಕೇಳಿದ್ರ..." ಎಂದ.

ಸರಳಾ ಅವನ ಕೈಯಿಂದ ಕಾಗದ ತೆಗೆದುಕೊಂಡು ಮಡಿಸಿದಳು. ಅವಳ ದನಿ ಏರಲಿಲ್ಲ.

"ಅಣ್ಣ ಕೇಳ್ಲಿಲ್ಲ, ನಿಜ. ನಾನು ಕೇಳಿದ್ನಲ್ಲ."